ಸ್ಟ್ರೆಪ್ಟೊಮೈಸಿನ್

ಮಣ್ಣಿನಲ್ಲಿ ಬದುಕುವ ಸ್ಟ್ರೆಪ್ಟೊಮೈಸಿಸ್ ಗ್ರೀಸಿಯಸ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಪ್ರತಿಜೀವಕ. ಕ್ಷಯದ ವಿರುದ್ಧ ಪರಿಣಾಮಕಾರಿಯೆಂದು ಸಾಬೀತಾದ ಮೊದಲ ಪ್ರತಿಜೀವಕವೂ ಹೌದು.

ಸೂಕ್ಷ್ಮಜೀವಿ ವಿಜ್ಞಾನಿ ರೆನೆ ಡ್ಯೂಬೋ 1939ರಲ್ಲಿ ಮಣ್ಣಿನ ಬ್ಯಾಸಿಲಸ್ ಒಂದರಿಂದ ಟೈರೊತ್ರಿಸಿನ್ ಎಂಬ ಪ್ರತಿಜೀವಕವನ್ನು ಬೇರ್ಪಡಿಸಿದ. ಅದು ದೇಹದೊಳಗೆ ಕೊಡಲಾಗದಷ್ಟು ವಿಷಕಾರಿ. ಆದರೂ ಅವನ ಗುರು, ಅಮೆರಿಕದ ರಟ್ಗರ್ಸ್‌ನಲ್ಲಿದ್ದ ಸೆಲ್ಮನ್ ವಾಕ್ಸ್‌ಮನ್, ಇಂಥ ವಸ್ತುಗಳ ವ್ಯವಸ್ಥಿತ ಹುಡುಕಾಟಕ್ಕೆ ತೊಡಗಿದ. ವಿಧಾನ ಸರಳ: ಅಗಾರ್ ತಟ್ಟೆಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಒಂದು ಗೆರೆ ಎಳೆದು ಬೆಳೆಸುವುದು, ಅದಕ್ಕೆ ಅಡ್ಡಲಾಗಿ ರೋಗಾಣುಗಳ ಗೆರೆ ಎಳೆಯುವುದು. ಮೊದಲ ಗೆರೆಯ ಹತ್ತಿರ ರೋಗಾಣು ಬೆಳೆಯದೆ ತಟ್ಟೆ ಖಾಲಿ ಉಳಿದರೆ, ಅಲ್ಲಿ ಏನೋ ಒಸರುತ್ತಿದೆ ಎಂದರ್ಥ.

1943ರ ಅಕ್ಟೋಬರ್‌ನಲ್ಲಿ ವಾಕ್ಸ್‌ಮನ್‌ನ ಸಂಶೋಧನಾ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದ. ಅದನ್ನು ಕೊಟ್ಟ ಎರಡು ತಳಿಗಳಲ್ಲಿ ಒಂದು ಗೊಬ್ಬರ ಹಾಕಿದ ಹೊಲದ ಮಣ್ಣಿನದು, ಇನ್ನೊಂದು ಕೋಳಿಯ ಗಂಟಲಿನದು. ಶೋಧವನ್ನು ಪ್ರಕಟಿಸಿದ 1944ರ ಪ್ರಬಂಧದಲ್ಲಿ ಶಾಟ್ಜ್, ಎಲಿಜಬೆತ್ ಬುಗಿ, ವಾಕ್ಸ್‌ಮನ್ ಮೂವರ ಹೆಸರಿದೆ. 1950ರಲ್ಲಿ ಶಾಟ್ಜ್ ನ್ಯಾಯಾಲಯಕ್ಕೆ ಹೋಗಿ, ರಾಜಿಯ ಮೂಲಕ ಸಹ-ಶೋಧಕನೆಂಬ ಮನ್ನಣೆ ಪಡೆದ. ಆದರೂ 1952ರ ನೊಬೆಲ್ ವಾಕ್ಸ್‌ಮನ್ ಒಬ್ಬನಿಗೇ ಸಂದಿತು. ಇದು ಅನ್ಯಾಯವೇ ಸರಿ.

ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರು ತಿಂಗಳೊಳಗೆ ಔಷಧ ಪಡೆದ 55 ಕ್ಷಯರೋಗಿಗಳಲ್ಲಿ ನಾಲ್ವರು ಸತ್ತರೆ, ಬರೀ ಹಾಸಿಗೆ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14 ಜನ ಸತ್ತಿದ್ದರು. ಆದರೆ ಔಷಧಕ್ಕೆ ಬಗ್ಗದ ರೋಗಾಣುಗಳು ತಿಂಗಳುಗಳಲ್ಲೇ ತಲೆಯೆತ್ತಿದವು. ಹಾಗಾಗಿ ಇದನ್ನು ಬೇರೆ ಔಷಧಗಳ ಜೊತೆಗೂಡಿಸಿ ಕೊಡುವುದು ರೂಢಿಯಾಯಿತು. ಕಿವಿಯ ನರಕ್ಕೆ ಆಗುವ ಹಾನಿ ಇದರ ದೊಡ್ಡ ದೋಷ.

ಸ್ಟ್ರೆಪ್ಟೊಮೈಸಿನ್ ಎದುರಾಳಿ ಬ್ಯಾಕ್ಟೀರಿಯಾದೊಳಗೆ ಪ್ರೋಟೀನು ತಯಾರಿಸುವ ರೈಬೋಸೋಮಿನ ಚಿಕ್ಕ ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಗ ವಂಶವಾಹಿ ಸಂದೇಶವನ್ನು ಓದುವುದರಲ್ಲಿ ತಪ್ಪಾಗಿ, ಪ್ರೋಟೀನಿನಲ್ಲಿ ಸಲ್ಲದ ಅಮೈನೋ ಆಮ್ಲಗಳು ಸೇರುತ್ತವೆ. ಕೆಟ್ಟ ಪ್ರೋಟೀನುಗಳು ಜೀವಕೋಶದ ಪೊರೆಯಲ್ಲಿ ಸೇರಿ ಅದನ್ನು ಸೋರುವಂತೆ ಮಾಡುತ್ತವೆ. ಆ ದಾರಿಯಲ್ಲಿ ಇನ್ನಷ್ಟು ಔಷಧ ಒಳನುಗ್ಗುತ್ತದೆ. ಮನುಷ್ಯನ ಜೀವಕೋಶದ್ರವದ ರೈಬೋಸೋಮಿನ ರಚನೆ ಬೇರೆಯಾದ್ದರಿಂದ ಅದಕ್ಕೆ ಈ ಪೆಟ್ಟು ಅಷ್ಟಾಗಿ ತಾಗದು.

ತಯಾರಿಸುವ ಬ್ಯಾಕ್ಟೀರಿಯಾ ತಾನೇಕೆ ಸಾಯುವುದಿಲ್ಲ? ಅದರಲ್ಲಿರುವ ಕಿಣ್ವವೊಂದು ಸ್ಟ್ರೆಪ್ಟೊಮೈಸಿನ್ನಿಗೆ ಫಾಸ್ಫೇಟ್ ಗುಂಪನ್ನು ಜೋಡಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಇದೇ ಬಗೆಯ ಕಿಣ್ವಗಳು ಈಗ ಹಲವು ರೋಗಾಣುಗಳಲ್ಲೂ ಇದ್ದು, ಅವುಗಳ ವಂಶವಾಹಿಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ತುಣುಕುಗಳ ಮೂಲಕ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತವೆ.