ಕುದುರೆ ಲಾಯದ ಶಾಲೆಯೂ ನಮ್ಮ ಭಾನುವಾರದ ಪಾಠವೂ



ಕಳೆದ ಸಲ ನಾವೆಲ್ಲ ಸೇರಿದ್ದಾಗ ಭಾನುವಾರದ ಕನ್ನಡ ತರಗತಿಯ ಮಾತು ಬಂತು. ಮಕ್ಕಳಿಗೆ ಪಾಠ ಹೇಳುವವರೆಲ್ಲ ಗಾರ್ಡಾ ವೆಟ್ಟಿಂಗ್ ಫಾರಂ ತುಂಬಬೇಕೆಂದು ಕಾರ್ಯದರ್ಶಿಗಳು ತಿಳಿಸಿದಾಗ ಹಿರಿಯರೊಬ್ಬರ ಮುಖ ಸಪ್ಪಗಾಯಿತು. "ಇಷ್ಟು ವರ್ಷ ಒಟ್ಟಿಗೆ ಉಂಡವರು ನಾವು. ನಮ್ಮನಮ್ಮಲ್ಲೇ ಪೊಲೀಸ್ ವಿಚಾರಣೆಯೇ?" ಎಂದರು. ಅವರ ನೋವು ನನಗೆ ಅರ್ಥವಾಯಿತು. ಆಸ್ಪತ್ರೆಯಲ್ಲಿ ಇದೇ ಫಾರಂ ತುಂಬುವಾಗ ನನಗೆ ಏನೂ ಅನ್ನಿಸಿರಲಿಲ್ಲ. ಸಂಘದ ಫಾರಂ ಮಾತ್ರ ಎರಡು ವಾರ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಇದಕ್ಕೆ ಉತ್ತರ ನಾವು ಬದುಕುತ್ತಿರುವ ಈ ವಾಟರ್‌ಫರ್ಡಿನ ಇತಿಹಾಸದಲ್ಲೇ ಇದೆಯೆಂದು ಆಮೇಲೆ ಹೊಳೆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾರಕ್ ಸ್ಟ್ರೀಟಿನ ಮೌಂಟ್ ಸಯಾನ್ ಶಾಲೆಯನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಕಟ್ಟಿದವರು ಎಡ್ಮಂಡ್ ರೈಸ್. 1762ರಲ್ಲಿ ಕಿಲ್ಕೆನಿ ಜಿಲ್ಲೆಯ ಕ್ಯಾಲನ್ನಿನಲ್ಲಿ ಹುಟ್ಟಿ, ಹದಿಹರೆಯದಲ್ಲಿ ವಾಟರ್‌ಫರ್ಡಿಗೆ ಬಂದು ಚಿಕ್ಕಪ್ಪನ ವ್ಯಾಪಾರಕ್ಕೆ ಸೇರಿದರು. ಹಡಗುಗಳಿಗೆ ಆಹಾರ ಸಾಮಗ್ರಿ ಒದಗಿಸುವ ಆ ವ್ಯಾಪಾರದಲ್ಲಿ ಒಳ್ಳೆಯ ಹಣ ಮಾಡಿದರು. ಆದರೆ 1789ರಲ್ಲಿ ಹೆಂಡತಿ ತೀರಿಕೊಂಡರು. ಉಳಿದದ್ದು ಅಂಗವಿಕಲೆಯಾದ ಒಬ್ಬಳೇ ಮಗಳು.

ಆ ಕಾಲದಲ್ಲಿ ಬಂದರಿನ ಬೀದಿಗಳಲ್ಲಿ ಬಡ ಹುಡುಗರು ಶಾಲೆಯಿಲ್ಲದೆ ಅಲೆಯುತ್ತಿದ್ದರು. ಕ್ಯಾಥೊಲಿಕರು ಶಾಲೆ ನಡೆಸುವುದೇ 1782ರವರೆಗೆ ಕಾನೂನಿಗೆ ವಿರುದ್ಧವಾಗಿತ್ತು. ರೈಸ್ 1802ರಲ್ಲಿ ನ್ಯೂ ಸ್ಟ್ರೀಟಿನ ಒಂದು ಕುದುರೆ ಲಾಯದಲ್ಲಿ ಈ ಹುಡುಗರಿಗಾಗಿ ಶಾಲೆ ತೆರೆದರು. ಸಂಬಳಕ್ಕೆ ಇಟ್ಟ ಮೇಷ್ಟ್ರುಗಳು ಹುಡುಗರ ಪುಂಡಾಟ ತಡೆಯಲಾರದೆ ಬಿಟ್ಟುಹೋದರು. ಸಂಬಳ ಹೆಚ್ಚಿಸುತ್ತೇನೆಂದರೂ ನಿಲ್ಲಲಿಲ್ಲ. ಆಗ ಆ ಶ್ರೀಮಂತ ವ್ಯಾಪಾರಿ ತಾನೇ ಪಾಠಕ್ಕೆ ನಿಂತ. ಅದನ್ನು ಕಂಡು ಥಾಮಸ್ ಗ್ರೋವ್ನರ್, ಪ್ಯಾಟ್ರಿಕ್ ಫಿನ್ ಎಂಬ ಕ್ಯಾಲನ್ನಿನ ಇಬ್ಬರು ಬಂದು ಜೊತೆಗೂಡಿದರು. ತಂಡ ಕಟ್ಟಲು ಅವರು ಭಾಷಣ ಮಾಡಲಿಲ್ಲ. ಯಾರಿಗೂ ಬೇಡವಾದ ಕೆಲಸವನ್ನು ಮೊದಲು ತಾವು ಮಾಡಿದರು, ಅಷ್ಟೆ.

ಮೌಂಟ್ ಸಯಾನಿನಲ್ಲಿ ಶಾಲೆ 1804ರಲ್ಲಿ ಆರಂಭವಾಯಿತು. ಅಲ್ಲಿ ಬೇಕರಿಯೂ ಇತ್ತು, ದರ್ಜಿ ಅಂಗಡಿಯೂ ಇತ್ತು. ಹಸಿದ ಹುಡುಗನಿಗೆ ಮೊದಲು ರೊಟ್ಟಿ, ಚಿಂದಿ ಉಟ್ಟವನಿಗೆ ಬಟ್ಟೆ, ಆಮೇಲೆ ಪಾಠ. ತುಮಕೂರಿನ ಸಿದ್ಧಗಂಗೆಯ ದಾಸೋಹ ಕಂಡ ನಮಗೆ ಅನ್ನ ಮತ್ತು ಅಕ್ಷರದ ಈ ನಂಟನ್ನು ಯಾರೂ ವಿವರಿಸಬೇಕಾಗಿಲ್ಲ. ಬೆತ್ತ ಶಾಲೆಯ ಸಹಜ ಅಂಗವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ತೀರಾ ಅಪರೂಪದ ದೊಡ್ಡ ತಪ್ಪಿಗಲ್ಲದೆ ಹೊಡೆಯಬಾರದೆಂಬುದು ರೈಸ್ ಅವರ ನಿಯಮವಾಗಿತ್ತು. 1820ರಲ್ಲಿ ಪೋಪರು ಅವರ ಸಂಸ್ಥೆಗೆ ಮಾನ್ಯತೆ ಕೊಟ್ಟರು. ಅದೇ ಮುಂದೆ ಕ್ರಿಶ್ಚಿಯನ್ ಬ್ರದರ್ಸ್ ಎಂದು ಪ್ರಸಿದ್ಧವಾಯಿತು. 1838ರಲ್ಲಿ ರೈಸ್ ಅಧಿಕಾರ ಬಿಟ್ಟುಕೊಟ್ಟರು. 1844ರಲ್ಲಿ ಮೌಂಟ್ ಸಯಾನಿನಲ್ಲೇ ಕಣ್ಣು ಮುಚ್ಚಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಪುಣ್ಯಕಥೆಯಾಗುತ್ತಿತ್ತು. ಹಾಗಾಗಲಿಲ್ಲ. ಆ ಸಂಸ್ಥೆ ದೇಶವಿದೇಶಗಳಿಗೆ ಹರಡಿತು. ಈ ದೇಶದ ಲಕ್ಷಾಂತರ ಬಡ ಹುಡುಗರು ಅದರಿಂದ ಓದು ಕಲಿತರು. ಆ ಋಣವನ್ನು ನೆನೆಯುವವರು ಇಂದಿಗೂ ಇದ್ದಾರೆ. ಆದರೆ ಅದೇ ಸಂಸ್ಥೆ ಡಬ್ಲಿನ್ನಿನ ಆರ್ಟೇನ್, ಗಾಲ್ವೇ ಜಿಲ್ಲೆಯ ಲೆಟರ್‌ಫ್ರ್ಯಾಕ್ ಮುಂತಾದ ಕಡೆ ನಡೆಸಿದ ಇಂಡಸ್ಟ್ರಿಯಲ್ ಶಾಲೆಗಳಲ್ಲಿ, ಕೇಳುವವರಿಲ್ಲದ ಮಕ್ಕಳು ದಶಕಗಳ ಕಾಲ ಹೊಡೆತವನ್ನೂ ಲೈಂಗಿಕ ದೌರ್ಜನ್ಯವನ್ನೂ ಅನುಭವಿಸಿದರು. 2009ರ ಮೇ ತಿಂಗಳಲ್ಲಿ ಹೊರಬಂದ ರಯನ್ ಆಯೋಗದ ವರದಿ ಇದನ್ನೆಲ್ಲ ದಾಖಲಿಸಿತು. ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ಸಂಗತಿ. ತಪ್ಪು ಮಾಡಿದವರ ವಿಷಯ ಮೇಲಿನವರಿಗೆ ಗೊತ್ತಾದಾಗಲೂ ಅವರನ್ನು ಬೇರೆ ಕಡೆಗೆ ವರ್ಗ ಮಾಡಿ, ಸಂಸ್ಥೆಯ ಹೆಸರು ಕೆಡದಂತೆ ನೋಡಿಕೊಂಡರು. ಯಾರ ಸೇವೆಗೆಂದು ಸಂಸ್ಥೆ ಹುಟ್ಟಿತೋ ಅವರೇ ಸಂಸ್ಥೆಯ ಮಾನಕ್ಕೆ ಬಲಿಯಾದರು.

ರೈಸ್ ಗಳಿಸಿದ ನಂಬಿಕೆಯನ್ನು ಮುಂದಿನವರು ಪಿತ್ರಾರ್ಜಿತ ಆಸ್ತಿಯಂತೆ ಬಳಸಿದರು. "ಅವರು ಬ್ರದರ್ಸ್, ಅವರನ್ನು ಪ್ರಶ್ನಿಸುವುದುಂಟೇ?" ಎಂಬ ಮಾತೇ ಮಕ್ಕಳ ಬಾಯಿಗೆ ಬೀಗವಾಯಿತು.

ವೈದ್ಯನಾಗಿ ನಾನು ಕಲಿತದ್ದೂ ಇದನ್ನೇ. ನಡುರಾತ್ರಿ ಮೂರು ಗಂಟೆಗೆ ರೋಗಿಯ ಉಸಿರಾಟ ಸರಿಯಿಲ್ಲವೆಂದು ನರ್ಸ್‌ಗೆ ಅನುಮಾನ ಬಂದಾಗ, ಹಿರಿಯ ಡಾಕ್ಟರಿಗೆ ಧೈರ್ಯವಾಗಿ ಫೋನ್ ಮಾಡುತ್ತಾಳೆಯೇ? ಮಾಡಿದರೆ ಆ ವಾರ್ಡಿನಲ್ಲಿ ನಂಬಿಕೆ ಇದೆ. ಬೈಗುಳಕ್ಕೆ ಹೆದರಿ ಸುಮ್ಮನಿದ್ದರೆ, ಅಲ್ಲಿ ಇರುವುದು ಬರೀ ಮರ್ಯಾದೆ. ಮರ್ಯಾದೆಯಿಂದ ರೋಗಿ ಉಳಿಯುವುದಿಲ್ಲ.

ನಮ್ಮ ಸಂಘ ಚಿಕ್ಕದು. ಕುರ್ಚಿ ಜೋಡಿಸುವವರು, ಚಿತ್ರಾನ್ನ ಕಲಸುವವರು, ಕೊನೆಗೆ ಹಾಲ್ ಗುಡಿಸುವವರು ಎಲ್ಲ ನಾವೇ. ಆ ದುಡಿಮೆಯೇ ನಮ್ಮ ಬಂಡವಾಳ. ಆದರೆ ಖಜಾಂಚಿ ಎಷ್ಟೇ ಪ್ರಾಮಾಣಿಕರಾದರೂ ಲೆಕ್ಕವನ್ನು ಸಭೆಯ ಮುಂದಿಡುವುದಿಲ್ಲವೇ? ಅದರಿಂದ ಅವರಿಗೆ ಅವಮಾನವೆಂದು ನಾವು ಯಾರೂ ತಿಳಿಯುವುದಿಲ್ಲ. ಫಾರಂ ಕೂಡ ಹಾಗೆಯೇ. ಈ ದೇಶ ತನ್ನ ಮಕ್ಕಳ ಕಣ್ಣೀರಿನಿಂದ ಪಾಠ ಕಲಿತು, ವೆಟ್ಟಿಂಗ್ ಅನ್ನು 2016ರಿಂದ ಕಾನೂನಿನ ಪ್ರಕಾರ ಕಡ್ಡಾಯ ಮಾಡಿತು. ಫಾರಂ ಒಂದೇ ಸಾಲದು ನಿಜ. ತರಗತಿಯ ಬಾಗಿಲು ತೆರೆದಿರಬೇಕು, ಇಬ್ಬರು ದೊಡ್ಡವರು ಇರಬೇಕು, ಮಗು ಬಂದು ಏನಾದರೂ ಹೇಳಿದರೆ "ಆ ಅಂಕಲ್ ಹಾಗಲ್ಲ" ಎನ್ನುವ ಮೊದಲು ಪೂರ್ತಿ ಕೇಳಬೇಕು.

ನನ್ನ ಫಾರಂಗೆ ಸಹಿ ಹಾಕಿ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಆ ಹಿರಿಯರಲ್ಲೂ ನನ್ನದು ಪ್ರೀತಿಯ ವಿನಂತಿ: ನೀವೂ ಸಹಿ ಹಾಕಿ, ಭಾನುವಾರ ಪಾಠಕ್ಕೆ ಬನ್ನಿ. ನಿಮ್ಮಷ್ಟು ಚೆನ್ನಾಗಿ ಕಾಗುಣಿತ ಹೇಳಿಕೊಡುವವರು ನಮ್ಮಲ್ಲಿ ಬೇರೆ ಯಾರಿದ್ದಾರೆ?