ಡ್ರೈ ಬಾಲ್ಕನಿಯಲ್ಲಿ ಒಣಗದ ಟಾವೆಲು

ಪುಣೆಯ ಫ್ಲ್ಯಾಟುಗಳಲ್ಲಿ ಅಡುಗೆಮನೆಗೆ ಅಂಟಿಕೊಂಡು ಒಂದು ಪುಟ್ಟ ಜಾಗ ಇರುತ್ತದೆ. ನಾಲ್ಕು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ. ವಾಷಿಂಗ್ ಮಷೀನು, ಮುಸುರೆ ಪಾತ್ರೆ, ಪೊರಕೆ, ಬಕೆಟ್ಟು ಎಲ್ಲ ಅಲ್ಲೇ. ಬಿಸಿಲೊಂದು ಮಾತ್ರ ಅಲ್ಲಿಗೆ ಬರುವುದಿಲ್ಲ. ಇಂಥ ಜಾಗಕ್ಕೆ ಇಲ್ಲಿಯವರು ಇಟ್ಟ ಹೆಸರು 'ಡ್ರೈ ಬಾಲ್ಕನಿ'. ಜೂನ್ ತಿಂಗಳಲ್ಲಿ ಅಲ್ಲಿ ಒಂದು ಟಾವೆಲು ಹಾಕಿ ನೋಡಿ. ಮೂರನೆಯ ದಿನಕ್ಕೂ ಹಸಿಯಾಗಿಯೇ ಇರುತ್ತದೆ, ಜೊತೆಗೊಂದು ಮುಗ್ಗಲು ವಾಸನೆ ಬೇರೆ.

ನಾನು ಖರಾಡಿಗೆ ಬಂದು ಬಹಳ ವರ್ಷಗಳಾದವು. ಮುಳಾ-ಮುಠಾ ನದಿಯ ದಂಡೆಯ ಈ ಹಳ್ಳಿ 1997ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿತು. ಆಮೇಲೆ ಐಟಿ ಪಾರ್ಕು ಬಂತು, ಅದರ ಹಿಂದೆ ನನ್ನಂಥವರೂ ಬಂದೆವು. ನಾನು ಬಂದ ಹೊಸತರಲ್ಲಿ ನಮ್ಮ ಕಟ್ಟಡದ ಆಚೆ ಬರೀ ಖಾಲಿ ಜಾಗ. ಕಟ್ಟಡದ ಕೆಲಸಕ್ಕೆ ಬಂದವರು ತಂತಿಬೇಲಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದರು. ನಮ್ಮ ಮನೆಯ ಬಟ್ಟೆಗಿಂತ ಅವರ ಬಟ್ಟೆಯೇ ಬೇಗ ಒಣಗುತ್ತಿತ್ತು. ಈಗ ಆ ಬೇಲಿಯೂ ಇಲ್ಲ, ಆ ಬಿಸಿಲೂ ಇಲ್ಲ. ಎದುರಿಗೆ ಇಪ್ಪತ್ತು ಮಹಡಿ ಎದ್ದು ನಿಂತಿದೆ.

ಟಾವೆಲಿನ ಬಗ್ಗೆ ನಾನು ಯೋಚನೆ ಮಾಡಲು ಶುರುಮಾಡಿದ್ದು 2018ರಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಲ್ಲಿ ಇರಲು ಬಂದಳು. ಊರು ಇಂಡಿ ತಾಲೂಕು, ವಿಜಾಪುರ ಜಿಲ್ಲೆ. ವಿಜಯಪುರ ಅಂತ ಸರಕಾರ ಹೆಸರು ಬದಲಿಸಿದ್ದು 2014ರಲ್ಲಿ. ಅವ್ವನ ಬಾಯಲ್ಲಿ ಇನ್ನೂ ಬಿಜಾಪುರವೇ. ಬರುವಾಗ ಚೀಲದಲ್ಲಿ ಎರಡು ವಸ್ತ್ರ ತಂದಿದ್ದಳು. ಒಂದು, ತಾನು ಮೈ ಒರೆಸಿಕೊಳ್ಳುವ ಬಿಳಿಯ ತೆಳು ಬಟ್ಟೆ. ನಮ್ಮ ಮನೆಯಲ್ಲಿ ಅದಕ್ಕೆ ವಲ್ಲಿ ಅಂತಿದ್ದರು. ಇನ್ನೊಂದು, ಅಪ್ಪನ ಸೋಲಾಪುರ ಟಾವೆಲು. ಅದರ ಬಣ್ಣ ಯಾವುದೆಂದು ಹೇಳುವುದು ಆ ಹೊತ್ತಿಗೆ ಕಷ್ಟವಾಗಿತ್ತು.

ಮರುದಿನವೇ ಒಂದು ತಮಾಷೆ ನಡೆಯಿತು. ಕೆಲಸದ ಮಾವಶಿ ಬಂದು ನನ್ನ ಹೆಂಡತಿಯನ್ನು "ತಾಈ, ಆಜೀಂಚಾ ಪಂಚಾ ಕುಠೆ ವಾಳತ ಘಾಲೂ?" ಅಂತ ಕೇಳಿದಳು. ಅಜ್ಜಿಯ ಪಂಚಾ ಎಲ್ಲಿ ಒಣಹಾಕಲಿ ಅಂತ. ನನ್ನ ಹೆಂಡತಿ ಹಾಸನದ ಕಡೆಯವಳು. ಗಾಬರಿಯಾಗಿ ಒಳಗೆ ಬಂದು, "ರೀ, ಅತ್ತೆ ಯಾವಾಗಿಂದ ಪಂಚೆ ಉಡೋಕೆ ಶುರುಮಾಡಿದ್ರು?" ಅಂದಳು. ಮರಾಠಿಯಲ್ಲಿ ಪಂಚಾ ಅಂದ್ರೆ ಮೈ ಒರೆಸುವ ತೆಳು ಬಟ್ಟೆ, ಹಾಸನದಲ್ಲಿ ಪಂಚೆ ಅಂದ್ರೆ ಉಡುವ ಧೋತರ. ಅದೇ ಬಟ್ಟೆಗೆ ಅವಳ ತವರಿನಲ್ಲಿ ಚೌಕ, ಮಂಗಳೂರಿನ ಕಡೆ ಬೈರಾಸು. ಅವ್ವ ನಕ್ಕು, "ಹೆಸರ ಏನರ ಇರ್ಲಿ ಯವ್ವಾ, ಬಿಸಲಾಗ ಹಾಕಿದ್ರ ಸಾಕು" ಅಂದಳು.

ಆ ಬಿಸಿಲೇ ತಂಟೆ ತಂದಿತು.

ಒಂದು ವಾರದ ಮೇಲೆ ಅಪ್ಪನ ಟಾವೆಲು ನೆಲ ಒರೆಸುವ ಕೋಲಿನ ತುದಿಯಲ್ಲಿ ಕಂಡಿತು. ಮಾವಶಿಯದು ತಪ್ಪೆನ್ನುವಂತಿರಲಿಲ್ಲ. ಹಳೆಯ ಟಾವೆಲಿನ ಕೊನೆಯ ಅವತಾರ ಅದೇ ಅಲ್ಲವೆ? ನಮ್ಮೆಲ್ಲರ ಮನೆಯಲ್ಲೂ ಮೈ ಒರೆಸಿದ್ದು ಕೈ ಒರೆಸಲು ಹೋಗುತ್ತದೆ, ಕೈ ಒರೆಸಿದ್ದು ನೆಲ ಒರೆಸಲು. ಅವ್ವ ಯಾರಿಗೂ ಏನೂ ಅನ್ನಲಿಲ್ಲ. ಅದನ್ನು ಬಿಡಿಸಿಕೊಂಡು ಬಚ್ಚಲಿಗೆ ಒಯ್ದು, ಬಿಸಿನೀರಿನಲ್ಲಿ ನೆನೆಸಿ, ಬಾರ್ ಸೋಪು ಹಚ್ಚಿ ಕುಕ್ಕಿ ಕುಕ್ಕಿ ಒಗೆದಳು. ಮಷೀನಿಗೆ ಹಾಕು ಅಂದರೆ ಕೇಳಲಿಲ್ಲ. ಹಿಂಡಿ, ಕೊಡವಿ, ಮುಂದಿನ ಬಾಲ್ಕನಿಯ ಕಟಾಂಜನದ ಮೇಲೆ ಹರವಿದಳು. ನಮ್ಮ ಮನೆಗೆ ಬಿಸಿಲು ಬೀಳುವುದು ಅದೊಂದೇ ಕಡೆ.

ಅರ್ಧ ತಾಸಿನಲ್ಲಿ ಇಂಟರ್‌ಕಾಮ್ ಹೊಡೆದುಕೊಂಡಿತು. ಹೊರಗಿನ ಬಾಲ್ಕನಿಯಲ್ಲಿ ಬಟ್ಟೆ ಹಾಕುವಂತಿಲ್ಲ, ಕಟ್ಟಡದ ಅಂದ ಕೆಡುತ್ತದೆ, ಸೊಸೈಟಿಯ ನಿಯಮ ಅಂತ. ವಾದ ಮಾಡಬಹುದಿತ್ತು. ಮಾಡಲಿಲ್ಲ. ನಾನೇ ಹೋಗಿ ಟಾವೆಲು ತೆಗೆದೆ. ಕೈಯಲ್ಲಿ ಇನ್ನೂ ಹಸಿ ಇತ್ತು. ಅವ್ವ ನೋಡುತ್ತ ನಿಂತಿದ್ದಳು. "ಅಲ್ಲೋ ತಮ್ಮಾ, ದುಡ್ಡು ಕೊಟ್ಟು ತಗೊಂಡ ಮನಿಯಾಗ ಅರಿವಿ ಒಣಗಿಸಾಕ ಮಂದೀನ ಕೇಳಬೇಕನು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು ನಮ್ಮ ಊರಿನ ಸಂಕಟ ಮಾತ್ರವಲ್ಲ ಅಂತ ಆಮೇಲೆ ತಿಳಿಯಿತು. ಅಮೆರಿಕದಲ್ಲೂ ಎಷ್ಟೋ ಬಡಾವಣೆಗಳ ಸಂಘಗಳು ಬಟ್ಟೆ ಒಣಹಾಕುವ ಹಗ್ಗವನ್ನೇ ನಿಷೇಧಿಸಿವೆ. ಅದಕ್ಕೆ ಎದುರಾಗಿ ಒಣಗಿಸುವ ಹಕ್ಕಿಗೆಂದೇ ಕೆಲವು ರಾಜ್ಯಗಳು ಕಾನೂನು ಮಾಡಬೇಕಾಯಿತು. ವರ್ಮಾಂಟ್ ರಾಜ್ಯ 2009ರಲ್ಲಿ ಮಾಡಿತು. ಬಿಸಿಲಿಗೂ ಕಾನೂನು ಬೇಕಾದ ಕಾಲ ನೋಡಿ!

ನಾನು ಹುಡುಗನಿದ್ದಾಗ ನಮ್ಮ ಮುತ್ಯಾ ಬಾವಿಯ ದಂಡೆಯ ಮೇಲೆ ಸ್ನಾನ ಮಾಡುತ್ತಿದ್ದ. ಮೈ ಒರೆಸಿಕೊಂಡ ವಲ್ಲಿಯನ್ನು ಅಲ್ಲೇ ನೀರಲ್ಲಿ ಅದ್ದಿ, ನಾಲ್ಕು ಸಲ ಜಾಲಿಸಿ, ಹಿಂಡಿ ಹೆಗಲ ಮೇಲೆ ಹಾಕಿಕೊಂಡು ಹೊಲದ ಕಡೆ ನಡೆದರೆ, ಹೊಲ ಮುಟ್ಟುವಷ್ಟರಲ್ಲಿ ಅದು ಗರಿಗರಿ ಒಣಗಿರುತ್ತಿತ್ತು. ಅದೇ ವಲ್ಲಿ ಬಿಸಿಲಿಗೆ ತಲೆಗೆ ಸುತ್ತಲಿಕ್ಕೆ, ಬುತ್ತಿ ಕಟ್ಟಲಿಕ್ಕೆ, ಮಧ್ಯಾಹ್ನ ಗಿಡದ ನೆರಳಲ್ಲಿ ಹಾಸಿ ಮಲಗಲಿಕ್ಕೆ. ಮಡಿ ಪಾಲಿಸುವ ಮನೆಗಳಲ್ಲಿ ಇನ್ನೂ ಕಟ್ಟುನಿಟ್ಟು. ಒಗೆದದ್ದನ್ನು ಕೋಲಿನಿಂದ ಮೇಲಿನ ಗಳುವಿಗೆ ಏರಿಸಿ ಯಾರೂ ಮುಟ್ಟದಂತೆ ಒಣಗಿಸುವುದು. ಪುಣೆಯ ಹಳೆಯ ವಾಡೆಗಳಲ್ಲೂ ಇದೇ ಪದ್ಧತಿ, ಹೆಸರು ಮಾತ್ರ ಸೋವಳೆ. ಜಮಖಾನ, ದಪ್ಪ ಹಾಸಿಗೆ ಬಟ್ಟೆ ಇವೆಲ್ಲ ಅಗಸರ ಮನೆಗೆ ಹೋಗುತ್ತಿದ್ದವು. ಅವರು ಚೌಳು ಮಣ್ಣು, ಸೋಡಾ ಹಾಕಿ ಉಬ್ಬೆಗೆ ಏರಿಸಿ ಬೇಯಿಸುತ್ತಿದ್ದರು. ಅದು ಸಣ್ಣ ದುಡಿಮೆಯಲ್ಲ. 12ನೇ ಶತಮಾನದ ಮಡಿವಾಳ ಮಾಚಯ್ಯನವರು ಶರಣರ ಬಟ್ಟೆ ಒಗೆಯುವುದನ್ನೇ ಕಾಯಕ ಮಾಡಿಕೊಂಡವರು. ಆದರೆ ದಿನದ ಮೈ ಒರೆಸುವ ವಲ್ಲಿ ನಮ್ಮ ಮನೆಯಲ್ಲಿ ಅಗಸರ ಲೆಕ್ಕಕ್ಕೆ ಎಂದೂ ಹೋಗಲಿಲ್ಲ. ಯಾರು ಸ್ನಾನ ಮಾಡಿದರೋ ಅವರೇ ಜಾಲಿಸಿ ಹಾಕಬೇಕು. ದಿನಾ ಒಗೆತ, ದಿನಾ ಬಿಸಿಲು.

ಹಾಗಾದರೆ ಈ ದಪ್ಪ ಟಾವೆಲು ಎಲ್ಲಿಂದ ಬಂತು? ಅದರ ತವರು ತುರ್ಕಿ. ಬುರ್ಸಾ ಊರಿನ ನೇಕಾರರು ಹಮಾಮುಗಳಿಗಾಗಿ ಎಳೆ ಎಳೆ ಎದ್ದು ನಿಂತ ಬಟ್ಟೆ ನೇಯುತ್ತಿದ್ದರು. ಇಂಗ್ಲೆಂಡಿನ ಹೆನ್ರಿ ಕ್ರಿಸ್ಟಿ ಎಂಬಾತ 1850ರ ಸುಮಾರಿಗೆ ಅಲ್ಲಿ ತಿರುಗಾಡುವಾಗ ಅದನ್ನು ನೋಡಿ ಒಂದು ತುಣುಕು ಮನೆಗೆ ತಂದ. ಸ್ಯಾಮ್ಯುಯೆಲ್ ಹೋಲ್ಟ್ ಎಂಬವನು ಅದನ್ನು ನೇಯುವ ಯಂತ್ರ ಮಾಡಿದ. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅದನ್ನಿಟ್ಟಾಗ ವಿಕ್ಟೋರಿಯಾ ರಾಣಿಯೇ ತರಿಸಿಕೊಂಡಳು. ಯುಕ್ತಿ ಸರಳ. ಮಗ್ಗಕ್ಕೆ ಎರಡು ಹಾಸು. ಒಂದು ಬಿಗಿ, ಒಂದು ಸಡಿಲ. ಮೂರು ಹೊಕ್ಕಿನ ಎಳೆ ಹಾಕಿ, ಮೂರನ್ನೂ ಕೂಡಿಸಿ ಹಣಿಗೆಯಿಂದ ಬಡಿದರೆ ಸಡಿಲ ಹಾಸಿನ ನೂಲು ಕುಣಿಕೆಯಾಗಿ ಮೇಲೇಳುತ್ತದೆ. ಆ ಸಾವಿರಾರು ಕುಣಿಕೆಗಳೇ ನೀರು ಹೀರುವುದು. ಒಣಗಲು ತಡ ಮಾಡುವುದೂ ಅವೇ. ಕ್ರಿಸ್ಟಿಯ ಮನೆತನದ ಆ ಕಂಪನಿಯನ್ನು 2006ರಲ್ಲಿ ಕೊಂಡದ್ದು ನಮ್ಮ ದೇಶದ ವೆಲ್‌ಸ್ಪನ್!

ನಮ್ಮ ಮನೆಗೆ ಅದು ಬಂದದ್ದು ಸೋಲಾಪುರದಿಂದ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ ಊರು ಅದು. ಸಂಕ್ರಾಂತಿಗೆ ಅಲ್ಲಿ ಸಿದ್ಧರಾಮೇಶ್ವರನ ಜಾತ್ರೆ. ಅಪ್ಪ ವರ್ಷ ತಪ್ಪಿಸಿದವನಲ್ಲ. 1877ರ ಹೊತ್ತಿಗೇ ಅಲ್ಲಿ ಉಗಿಯಂತ್ರದ ನೂಲಿನ ಗಿರಣಿ ಇತ್ತು. ಬರ, ಬಡತನಕ್ಕೆ ಊರು ಬಿಟ್ಟ ತೆಲಂಗಾಣದ ಪದ್ಮಸಾಲಿ ನೇಕಾರರು ಅಲ್ಲಿಗೆ ಬಂದು ನೆಲೆಸಿದರು. ಚಾದರು, ಟಾವೆಲಿಗೆ ಊರಿನ ಹೆಸರು ಅಂಟಿದ್ದು ಅವರ ಕೈಯಿಂದ. 2005-06ರಲ್ಲಿ ಸೋಲಾಪುರ ಚಾದರಿಗೂ ಸೋಲಾಪುರ ಟೆರ್ರಿ ಟಾವೆಲಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮರಾಠಿ ನಾಡು, ಕನ್ನಡದ ದೇವರು, ತೆಲುಗು ನೇಕಾರ, ತುರ್ಕಿಯ ನೇಯ್ಗೆ. ನಾವೊಬ್ಬರೇ ಪರಊರಿನವರು ಅಂತ ಕೊರಗುವವರು ಒಮ್ಮೆ ತಮ್ಮ ಬಚ್ಚಲಿನ ಗೂಟದ ಕಡೆ ನೋಡಬೇಕು.

ಆ ಟಾವೆಲು ಮನೆಗೆ ಬಂದ ದಿನ ಸಂಭ್ರಮವೋ ಸಂಭ್ರಮ. ಮೊದಮೊದಲು ಅದು ಬೀಗರು ಬಂದರೆ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು. ಆಮೇಲೆ ಅಪ್ಪನಿಗೆ, ಆಮೇಲೆ ನಮಗೆಲ್ಲ. ಆದರೆ ಇನ್ನೊಂದು ಬದಲಾವಣೆ ನಮ್ಮ ಕಣ್ಣಿಗೆ ಬೀಳದೇ ಆಗಿಹೋಯಿತು. ನೀರು ಕುಡಿದ ದಪ್ಪ ಟಾವೆಲನ್ನು ಸ್ನಾನ ಮಾಡಿ ಬಂದವನು ನಿಂತ ಕಾಲಲ್ಲಿ ಜಾಲಿಸಿ ಹಿಂಡಲು ಆಗುವುದಿಲ್ಲ. ಅದು ವಾರಕ್ಕೊಮ್ಮೆ ಒಗೆಯುವ ಬಟ್ಟೆಯಾಯಿತು. ಒಗೆಯುವ ಕೈ ಬೇರೆಯವರದಾಯಿತು. ಮುತ್ಯಾ ತನ್ನ ವಲ್ಲಿ ತಾನು ಒಗೆದ. ಅಪ್ಪನ ಟಾವೆಲು ಅವ್ವ ಒಗೆದಳು, ಮೂವತ್ತು ವರ್ಷ. ನನ್ನದು ಮಷೀನು, ಮಾವಶಿ. ನಾನು ಒರೆಸಿಕೊಂಡು ಮಂಚದ ಮೇಲೆ ಎಸೆದವನು, ಅಷ್ಟೇ.

ಅವ್ವ ಯುಗಾದಿ ಮುಗಿಸಿ ಇಂಡಿಗೆ, ನನ್ನ ತಂಗಿಯ ಮನೆಗೆ ಹೋದಳು. ಟಾವೆಲಿನ ಸಲುವಾಗಿ ಹೋದಳು ಅಂತ ನಾನು ಹೇಳಲಾರೆ. "ಇಲ್ಲಿ ಕೈಗೆ ಕೆಲಸಿಲ್ಲೋ ತಮ್ಮಾ" ಅಂದಳು. ಅಪ್ಪನ ಟಾವೆಲನ್ನು ಮಡಿಚಿ ಚೀಲದಲ್ಲಿಟ್ಟುಕೊಳ್ಳುವಾಗ ಒಮ್ಮೆ ಮೂಗಿಗೆ ಹಿಡಿದು, "ವಾಸನಿ ಹೋಗಿಲ್ಲ, ಊರಾಗ ಬಿಸಲಿಗೆ ಹಾಕ್ತೀನಿ" ಅಂದಳು. ಯಾವ ವಾಸನೆ, ನೆಲದ್ದೋ ಅಪ್ಪನದೋ, ನಾನು ಕೇಳಲಿಲ್ಲ.

ಅವ್ವ ಹೋದ ಎರಡು ವರ್ಷಕ್ಕೆ, 2020ರಲ್ಲಿ, ಕೋಪನ್‌ಹೇಗನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಮಾಡಿದ ಒಂದು ಪರೀಕ್ಷೆಯ ಬಗ್ಗೆ ಓದಿದೆ. ಹತ್ತಿಯ ಟಾವೆಲುಗಳನ್ನು ಶುದ್ಧ ನೀರಲ್ಲಿ ಒಗೆದು ಮೂರು ಕಡೆ ಒಣಗಿಸಿದರಂತೆ: ಕತ್ತಲೆ ಕೋಣೆ, ನೆರಳಿನ ಬಾಲ್ಕನಿ, ಬಿಸಿಲಿನ ಬಾಲ್ಕನಿ. ಹೂವು, ಹಣ್ಣುಗಳ ಪರಿಮಳದಲ್ಲೂ ಸಿಗುವಂಥ ಆಲ್ಡಿಹೈಡ್, ಕೀಟೋನ್ ಎಂಬ ಸಂಯುಕ್ತಗಳ ಒಂದು ವಿಶಿಷ್ಟ ಗುಂಪು ಹುಟ್ಟಿದ್ದು ಬಿಸಿಲಲ್ಲಿ ಒಣಗಿದ ಟಾವೆಲಿನಲ್ಲಿ ಮಾತ್ರ. ಅದಕ್ಕೂ ಮೊದಲು, 2012ರಲ್ಲಿ, ಜಪಾನಿನ ಸಂಶೋಧಕರು ತಡವಾಗಿ ಒಣಗಿದ ಬಟ್ಟೆಯ ಮುಗ್ಗಲು ವಾಸನೆಗೆ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯ ಕಾರಣ ಅಂತ ಗುರುತಿಸಿದ್ದರು. ಬಿಸಿಲಿಗೆ ಒಣಗಿದ ಟಾವೆಲು ಹಪ್ಪಳದಂತೆ ಬಿರುಸಾಗುತ್ತದೆ ಅಂತ ನನ್ನ ಹೆಂಡತಿಯ ದೂರು. ಅದಕ್ಕೂ ಜಪಾನಿನವರದೇ ಉತ್ತರ: ಎಷ್ಟೇ ಒಣಗಿದರೂ ಹತ್ತಿಯ ಎಳೆಗಳಿಗೆ ಅಂಟಿದ ಚೂರು ನೀರು ಉಳಿದೇ ಇರುತ್ತದೆ, ಅದೇ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ನಾಲ್ಕು ಸಲ ಕೊಡವಿ ಹಾಕಿದರೆ ಆ ಬೆಸುಗೆ ಬಿಡುತ್ತದೆ. ಮೆತ್ತಗಾಗಲೆಂದು ಬಾಟಲಿಯ ದ್ರವ ಸುರಿದರೆ ಎಳೆಗೆ ಲೇಪ ಕೂತು ಟಾವೆಲು ನೀರು ಹೀರುವುದನ್ನೇ ಕಡಿಮೆ ಮಾಡುತ್ತದೆ. ಕೊಡವುವುದು, ಬಿಸಿಲು. ಅವ್ವ ಮಾಡುತ್ತಿದ್ದದ್ದು ಇಷ್ಟೇ.

ಕಳೆದ ವರ್ಷ ಲಕ್ಷ್ಮೀ ರಸ್ತೆಗೆ ಹೋದಾಗ ಎರಡು ಬಿಳಿ ಪಂಚಾ ತಂದೆ. ಈಗ ಸ್ನಾನ ಮಾಡಿದ ಮೇಲೆ ನಾನೇ ಜಾಲಿಸಿ, ಹಿಂಡಿ, ಎರಡು ಸಲ ಕೊಡವಿ ಡ್ರೈ ಬಾಲ್ಕನಿಯ ದಾಂಡಿಗೆ ಹಾಕುತ್ತೇನೆ. ತೆಳು ಬಟ್ಟೆ; ಬಿಸಿಲಿಲ್ಲದಿದ್ದರೂ ಗಾಳಿಗೆ ಮಧ್ಯಾಹ್ನದೊಳಗೆ ಒಣಗುತ್ತದೆ. ಹೆಂಡತಿ, ಮಗಳು ದಪ್ಪ ಟಾವೆಲನ್ನೇ ಬಳಸುತ್ತಾರೆ. ಅವರಿಗೆ ಅದೇ ಹಿತ. ನಾನು ಒತ್ತಾಯ ಮಾಡಲು ಹೋಗಿಲ್ಲ. ಆದರೆ ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು, ತಾರಸಿಯ ಬೀಗ ಬೆಳಿಗ್ಗೆ ಮೂರು ತಾಸು ತೆಗೆಯಿರಿ, ಬಟ್ಟೆ ಒಣಗಿಸುವವರು ಒಣಗಿಸಲಿ ಅಂತ ಕೇಳಿದೆ. ಆರು ಜನ ಕೈ ಎತ್ತಿದರು. ಆರೂ ಜನರ ಮನೆಯಲ್ಲಿ ವಯಸ್ಸಾದವರು ಇದ್ದಾರೆ. ವಿಷಯ ಮುಂದಿನ ಸಭೆಗೆ ಹೋಗಿದೆ.

ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ತುರ್ಕಿ, ಇಂಗ್ಲೆಂಡು, ಜಪಾನು ಎಲ್ಲ. ಅವಳು ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಅಂದಳು: "ನಿಮ್ಮ ಮುತ್ಯಾ ಸಾಲಿ ಮುಖಾ ನೋಡಿದಾಂವಲ್ಲ. ಇಷ್ಟ ತಿಳಿಯಾಕ ಅವಗ ಪುಣಾಕ್ಕ ಹೋಗಬೇಕಾಗಿರಲಿಲ್ಲ ನೋಡು."

ಆಮೇಲೆ ಒಂದು ಕ್ಷಣ ಬಿಟ್ಟು ಕೇಳಿದಳು: "ತಾರಸಿ ಬೀಗ ತಗದ್ರ ಹೇಳು, ಬರ್ತೀನಿ."