ಇದ್ದತ್: ಹೆಣ್ಣುಮಕ್ಕಳ ಪ್ರಶ್ನೆಗಳಿಂದ ತಿಳಿಯಾದ ಒಂದು ಎಣಿಕೆ

ನಮ್ಮ ನೆರೆಮನೆಯಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸುತ್ತಿದ್ದ ಒಬ್ಬರು ತಾಯಿ ಇದ್ದರು. ಗಂಡ ತೀರಿಕೊಂಡು ಮೂರು ವಾರವಾಗಿತ್ತು. ನೋಡಲು ಹೋದ ನನ್ನ ಉಮ್ಮನ ಬಳಿ ಅವರು ಮೆಲ್ಲಗೆ ಕೇಳಿದ್ದು ಒಂದೇ ಪ್ರಶ್ನೆ: "ಕಟ್ಟಿದ ಬೀಡಿಯನ್ನು ನಾನೇ ಬ್ರಾಂಚಿಗೆ ಕೊಟ್ಟು ಬರಬಹುದಾ?" ಮನೆಯವರು ಬಾಯಿ ತೆರೆಯಲು ಬಿಡಲಿಲ್ಲ. ಇದ್ದತ್ ಕೂತವಳು ಅಂಗಳಕ್ಕೂ ಇಳಿಯಬಾರದು ಎಂದರು. ನಾಲ್ಕು ತಿಂಗಳು ಹತ್ತು ದಿನ ಆ ಮನೆ ಸಾಲದಲ್ಲೇ ನಡೆಯಿತು.

ಆ ಪ್ರಶ್ನೆಗೆ ಉತ್ತರ ನಮ್ಮ ದರ್ಸ್‌ಗಳಲ್ಲಿ ತಲೆಮಾರುಗಳಿಂದ ಓದಿಸುತ್ತಿರುವ ಕಿತಾಬಿನಲ್ಲೇ ಇತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಈ ಲೇಖನ ಬರೆಯಲು ಅದೇ ಕಾರಣ.

ಇದ್ದತ್ ಎಂಬ ಅರಬಿ ಪದದ ಮೂಲಾರ್ಥ ಎಣಿಕೆ. ಮದುವೆ ಮುಗಿದ ಹೆಣ್ಣು ಮತ್ತೊಂದು ಮದುವೆಗೆ ಮುನ್ನ ಎಣಿಸಬೇಕಾದ ದಿನಗಳು. ಆದರೆ ಕುರ್‌ಆನ್ ಈ ಎಣಿಕೆಯನ್ನು ನಿಗದಿಪಡಿಸುವ ಮುನ್ನ ಅರೇಬಿಯಾದಲ್ಲಿ ಏನಿತ್ತು? ಪ್ರವಾದಿ(ಸ)ರ ಪತ್ನಿ ಉಮ್ಮು ಸಲಮರ ಮಗಳು ಝೈನಬ್ ಅದನ್ನು ವಿವರಿಸಿದ್ದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಗಂಡ ಸತ್ತರೆ ಹೆಣ್ಣು ಒಂದು ಇಕ್ಕಟ್ಟಾದ ಗುಡಿಸಲು ಹೊಕ್ಕು, ಇದ್ದುದರಲ್ಲೇ ಕೆಟ್ಟ ಬಟ್ಟೆ ಉಟ್ಟು, ಸುಗಂಧ ಮುಟ್ಟದೆ ಒಂದು ವರ್ಷ ಕಳೆಯಬೇಕಿತ್ತು. ವರ್ಷ ತುಂಬಿದಾಗ ಹೊರಬಂದು ಒಂದು ಲದ್ದಿಯ ತುಂಡನ್ನು ಎಸೆದರೆ ಅವಳ ಶೋಕ ಮುಗಿಯುತ್ತಿತ್ತು.

ಅಂಥ ಸಮಾಜದಲ್ಲಿ ವಿಧವೆಯ ಕಾಯುವಿಕೆಯನ್ನು ಕುರ್‌ಆನ್ ನಾಲ್ಕು ತಿಂಗಳು ಹತ್ತು ದಿನಕ್ಕೆ ನಿಲ್ಲಿಸಿತು (2:234). ಚಾಂದ್ರಮಾನದ ಲೆಕ್ಕದಲ್ಲಿ ಅದು ಸುಮಾರು 128 ದಿನ. ತಲಾಖ್ ಆದವಳಿಗೆ ಮೂರು 'ಕುರೂ' (2:228), ಮುಟ್ಟು ನಿಂತವಳಿಗೆ ಮೂರು ತಿಂಗಳು, ಗರ್ಭಿಣಿಗೆ ಹೆರಿಗೆಯವರೆಗೆ (65:4). ದಾಂಪತ್ಯ ನಡೆಯುವ ಮೊದಲೇ ತಲಾಖ್ ಆಗಿದ್ದರೆ ಎಣಿಕೆಯೇ ಇಲ್ಲ (33:49).

"ಈಗ ಸ್ಕ್ಯಾನಿಂಗ್ ಇದೆಯಲ್ಲ, ಇನ್ನು ಇದ್ದತ್ ಯಾಕೆ?" ಎಂದು ಕೇಳುವವರಿದ್ದಾರೆ. ಗರ್ಭ ಇದೆಯೇ ಎಂದು ತಿಳಿಯುವುದು ಒಂದು ಉದ್ದೇಶ ಮಾತ್ರ. ವಿಧವೆಯಾದರೆ ವೃದ್ಧೆಯೂ ಕಾಯಬೇಕು, ನಿಕಾಹ್ ಆಗಿ ಗಂಡನ ಜೊತೆ ಒಂದು ದಿನವೂ ಬಾಳದವಳೂ ಕಾಯಬೇಕು. ಅಲ್ಲಿ ಮುಖ್ಯವಾಗುವುದು ಕಡಿದುಹೋದ ಸಂಬಂಧಕ್ಕೆ ಸಲ್ಲುವ ಗೌರವ. ಮರಳಿ ಪಡೆಯಬಹುದಾದ ತಲಾಖ್‌ನಲ್ಲಾದರೋ ಈ ದಿನಗಳು ಗಂಡನಿಗೆ ಮನಸ್ಸು ಬದಲಿಸಲು ಸಿಗುವ ಅವಕಾಶ. ಆ ಅವಧಿಯಲ್ಲಿ ಅವಳ ಊಟ, ವಸತಿ ಎರಡೂ ಅವನ ಹೊಣೆ. ಅಷ್ಟರೊಳಗೆ ಒಬ್ಬರು ತೀರಿಕೊಂಡರೆ ಇನ್ನೊಬ್ಬರಿಗೆ ವಾರಸು ಹಕ್ಕೂ ಇದೆ.

ಈ ನಿಯಮಗಳ ಒಳವಿವರಗಳನ್ನು ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಮದೀನಾದ ಒಬ್ಬೊಬ್ಬ ಹೆಣ್ಣಿನ ಪ್ರಶ್ನೆ ಎದುರಾಗುತ್ತದೆ.

ಸುಬೈಅ ಎಂಬವರ ಗಂಡ ಸಅದ್ ಬಿನ್ ಖೌಲ ತೀರಿಕೊಂಡಾಗ ಅವರು ಗರ್ಭಿಣಿ. ಕೆಲವೇ ದಿನಗಳಲ್ಲಿ ಹೆರಿಗೆಯಾಯಿತು. ಅವರು ಮರುಮದುವೆಗೆ ಸಿದ್ಧರಾದದ್ದನ್ನು ಕಂಡ ಒಬ್ಬರು, ನಾಲ್ಕು ತಿಂಗಳು ಹತ್ತು ದಿನ ಆಗದೆ ನಿನಗೆ ಮದುವೆಯಿಲ್ಲ ಎಂದು ತಡೆದರು. ಸುಬೈಅ ಸುಮ್ಮನೆ ಒಪ್ಪಿಕೊಂಡು ಕೂರಲಿಲ್ಲ. ಸಂಜೆಯೇ ನೇರ ಪ್ರವಾದಿ(ಸ)ರ ಬಳಿ ಹೋಗಿ ಕೇಳಿದರು. ಹೆರಿಗೆಯೊಂದಿಗೇ ನಿನ್ನ ಇದ್ದತ್ ಮುಗಿದಿದೆ ಎಂಬ ಉತ್ತರ ಸಿಕ್ಕಿತು. ಗರ್ಭಿಣಿ ವಿಧವೆಯ ವಿಷಯದಲ್ಲಿ ನಾಲ್ಕೂ ಮದ್ಸ್‌ಹಬ್‌ಗಳ ನಿಯಮ ಇಂದಿಗೂ ಇದೇ.

ಫುರೈಅ ಬಿಂತ್ ಮಾಲಿಕ್ ಅವರದು ಇನ್ನೊಂದು ಸಂಕಟ. ಓಡಿಹೋದ ಗುಲಾಮರನ್ನು ಹುಡುಕಲು ಹೋದ ಗಂಡ ಅವರ ಕೈಯಲ್ಲೇ ಕೊಲೆಯಾದ. ಇದ್ದ ಮನೆ ಅವನ ಸ್ವಂತದ್ದಲ್ಲ, ಖರ್ಚಿಗೂ ಏನನ್ನೂ ಬಿಟ್ಟುಹೋಗಿರಲಿಲ್ಲ. ತವರಿಗೆ ಹೋಗಲೇ ಎಂದು ಕೇಳಿದರು. ಮೊದಲು ಹೂಂ ಎಂದ ಪ್ರವಾದಿ(ಸ)ರು ಮತ್ತೆ ಕರೆದು, ಅವಧಿ ಮುಗಿಯುವವರೆಗೆ ಆ ಮನೆಯಲ್ಲೇ ಇರಲು ಹೇಳಿದರು. ಮುಂದೆ ಖಲೀಫ ಉಸ್ಮಾನ್(ರ) ಇದನ್ನೇ ಆಧಾರವಾಗಿಟ್ಟು ತೀರ್ಪು ಕೊಟ್ಟರು.

ಜಾಬಿರ್(ರ) ಅವರ ಚಿಕ್ಕಮ್ಮನಿಗೆ ತಲಾಖ್ ಆಗಿತ್ತು. ಖರ್ಜೂರದ ಫಸಲು ಕೊಯ್ಯಲು ತೋಟಕ್ಕೆ ಹೊರಟಾಗ ಒಬ್ಬ ಗದರಿದ. ಅವರೂ ಪ್ರವಾದಿ(ಸ)ರಲ್ಲಿ ಹೋಗಿ ಕೇಳಿದರು. ಹೋಗಿ ಕೊಯ್ಯಿ, ಅದರಿಂದ ನೀನು ದಾನವನ್ನೋ ಒಳಿತನ್ನೋ ಮಾಡಬಹುದು ಎಂಬ ಅರ್ಥದ ಉತ್ತರ ಬಂತು.

ಇನ್ನು ಮದ್ಸ್‌ಹಬ್‌ಗಳ ವಿಚಾರ. 'ಕುರೂ' ಎಂಬ ಪದಕ್ಕೆ ಅರಬಿಯಲ್ಲಿ ಮುಟ್ಟು ಎಂಬ ಅರ್ಥವೂ ಇದೆ, ಎರಡು ಮುಟ್ಟಿನ ನಡುವಿನ ಶುದ್ಧಿಕಾಲ ಎಂಬ ಅರ್ಥವೂ ಇದೆ. ಆಯಿಷಾ(ರ) ಮತ್ತು ಝೈದ್ ಬಿನ್ ಸಾಬಿತ್(ರ) ಶುದ್ಧಿಕಾಲ ಎಂದರು. ಉಮರ್(ರ), ಇಬ್ನು ಮಸ್‌ಊದ್(ರ) ಮುಟ್ಟು ಎಂದರು. ಶಾಫಿಈಗಳು ಮೊದಲನೆಯದನ್ನೂ ಹನಫಿಗಳು ಎರಡನೆಯದನ್ನೂ ಹಿಡಿದರು. ಹಾಗಾಗಿ ಶುದ್ಧಿಕಾಲದಲ್ಲಿ ತಲಾಖ್ ಆದ ಬ್ಯಾರಿ ಹೆಣ್ಣಿನ ಇದ್ದತ್ ಮೂರನೇ ಮುಟ್ಟು ಶುರುವಾಗುತ್ತಲೇ ಮುಗಿದರೆ, ಹನಫಿಯಾದ ಉರ್ದು ಮನೆಮಾತಿನ ಹೆಣ್ಣಿನದು ಆ ಮುಟ್ಟು ಕಳೆದ ಮೇಲೆ ಮುಗಿಯುತ್ತದೆ. ಒಂದೇ ಊರಿನ ಎರಡು ಮನೆಗಳಲ್ಲಿ ಲೆಕ್ಕ ಬೇರೆಯಾದರೆ ಯಾರೂ ತಪ್ಪಿದ್ದಾರೆಂದಲ್ಲ.

ಮಂಗಳೂರು, ಉಪ್ಪಳ, ಕಾಸರಗೋಡಿನ ಶಾಫಿಈಗಳಾದ ನಮಗೆ ಬೇಕಾದ ಕಿತಾಬು 'ಫತ್ಹುಲ್ ಮುಈನ್'. ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೇ ಶತಮಾನದಲ್ಲಿ ಬರೆದದ್ದು. ಮಲಬಾರಿನಿಂದ ನಮ್ಮ ಕರಾವಳಿಯವರೆಗೆ ದರ್ಸ್‌ಗಳಲ್ಲಿ ಇದನ್ನು ಓದದ ಮುತಅಲ್ಲಿಮ್ ಇಲ್ಲ. ಅದು ಹೇಳುವುದೇನು? ವಿಧವೆಯೂ, ಮರಳಿ ಪಡೆಯಲಾಗದ ತಲಾಖ್ ಆದವಳೂ ಹಗಲಿನಲ್ಲಿ ಅಗತ್ಯಕ್ಕೆ ಹೊರಹೋಗಬಹುದು. ಆಹಾರ ಕೊಳ್ಳಲು, ನೂತ ನೂಲು ಮಾರಲು, ಸೌದೆ ತರಲು. ಮನೆಯಲ್ಲಿ ಮಾತಿಗೆ ಜೊತೆಯಿಲ್ಲದಿದ್ದರೆ ರಾತ್ರಿಯೂ ಪಕ್ಕದ ಮನೆಗೆ ಹೋಗಿ ನೂಲುತ್ತಾ ಮಾತಾಡಬಹುದು, ಮಲಗಲು ಮಾತ್ರ ತನ್ನ ಮನೆಗೆ ಮರಳಬೇಕು.

ಹಿಂದಿನ ತರ್ಕ ಸರಳ. ಮರಳಿ ಪಡೆಯಬಹುದಾದ ತಲಾಖ್‌ನಲ್ಲಿ ಖರ್ಚು ಗಂಡನದಾದ್ದರಿಂದ ಅವಳು ಅವನ ಅನುಮತಿಯಿಂದ ಹೊರಹೋಗುತ್ತಾಳೆ. ಶಾಫಿಈ ಪ್ರಕಾರ ವಿಧವೆಗೆ ವಸತಿಯ ಹಕ್ಕಿದೆ, ಖರ್ಚಿನ ಹಕ್ಕಿಲ್ಲ. ಖರ್ಚು ಕೊಡುವವರಿಲ್ಲದವಳನ್ನು ಕಟ್ಟಿಹಾಕಿದರೆ ಅವಳು ತಿನ್ನುವುದೇನು? 'ನೂಲು ಮಾರಲು' ಎಂಬಲ್ಲಿ 'ಬೀಡಿ ಕೊಡಲು' ಎಂದು ಓದಿಕೊಳ್ಳಿ. ನೆರೆಮನೆಯ ಆ ತಾಯಿಯ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಶೋಕಾಚರಣೆಯ ನಿಯಮ ಇಲ್ಲವೆಂದಲ್ಲ. ವಿಧವೆಗೆ ಸುಗಂಧ, ಮದರಂಗಿ, ಸುರುಮ, ಆಭರಣ, ಅಲಂಕಾರದ ಉಡುಪು ನಿಷಿದ್ಧ. ಆದರೆ ಬಿಳಿ ಬಟ್ಟೆಯೇ ಆಗಬೇಕು, ಕತ್ತಲ ಕೋಣೆಯೇ ಆಗಬೇಕು ಎಂಬುದು ನಾವು ಸೇರಿಸಿಕೊಂಡದ್ದು. ಆ ಕೋಣೆ ಕಂಡಾಗ ನನಗೆ ನೆನಪಾಗುವುದು ಅರೇಬಿಯಾದ ಹಳೆಯ ಗುಡಿಸಲು.

ಸೇರಿಸಿಕೊಂಡದ್ದರ ಜೊತೆಗೆ ಬಿಟ್ಟದ್ದೂ ಇದೆ. ತಲಾಖ್ ಆದವರನ್ನು ಅವರ ಮನೆಗಳಿಂದ ಹೊರಹಾಕಬೇಡಿ ಎಂದು ಕುರ್‌ಆನ್ ಆಜ್ಞಾಪಿಸುತ್ತದೆ (65:1). ಗಂಡನ ಮನೆಯನ್ನು ಅದು 'ಅವರ ಮನೆ' ಎಂದೇ ಕರೆದಿದೆ. ನಮ್ಮಲ್ಲಾದರೋ ತಲಾಖ್ ಎಂದರೆ ಹೆಣ್ಣು ಬಟ್ಟೆಯ ಗಂಟಿನೊಂದಿಗೆ ತವರಿಗೆ ಬರುವುದು ಎಂದೇ ರೂಢಿ.

ದೇಶದ ನ್ಯಾಯಾಲಯಗಳಲ್ಲೂ ಜಗಳ ಈ ದಿನಗಳ ಸುತ್ತಲೇ ನಡೆಯಿತು. 1985ರ ಶಾ ಬಾನು ತೀರ್ಪಿನ ನಂತರ ಬಂದ 1986ರ ಕಾನೂನು, ನ್ಯಾಯೋಚಿತ ವ್ಯವಸ್ಥೆ ಮತ್ತು ಜೀವನಾಂಶವನ್ನು ಇದ್ದತ್ ಅವಧಿಯೊಳಗೆ ಕೊಡಬೇಕು ಎಂದಿತು. ಮೂರು ತಿಂಗಳ ಖರ್ಚು ಕೊಟ್ಟರೆ ಮುಗಿಯಿತು ಎಂದು ಹಲವರು ತಿಳಿದರು. ಇದ್ದತ್ ಎಂಬುದು ಕೊಡುವುದಕ್ಕಿರುವ ಗಡುವು, ಕೊಡುವ ಮೊತ್ತ ಅವಳ ಮುಂದಿನ ಬದುಕಿಗೂ ಸಾಕಾಗಬೇಕು ಎಂದು 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಸಾವಿನ ಮನೆಯಲ್ಲಿ ದಿನ ಎಣಿಸಲು ನಾವೆಲ್ಲ ಮುಂದು. ಇನ್ನು ಮುಂದೆ ಎಣಿಸುವಾಗ ಇನ್ನೆರಡು ಮಾತು ಕೇಳಿಕೊಳ್ಳೋಣ: ಈ ದಿನಗಳಲ್ಲಿ ಅವಳು ಯಾರ ಮನೆಯಲ್ಲಿದ್ದಾಳೆ? ಅವಳ ಅಡುಗೆಮನೆಗೆ ಅಕ್ಕಿ ತರುವವರು ಯಾರು? ಉತ್ತರವಿಲ್ಲದಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುವ ಹಕ್ಕು ನಮಗಿಲ್ಲ.